ಅರ್ಧದಾರಿಯಿಂದ ಹಿಂದಿರುಗಿದ ಮಕ್ಕಳು ಮತ್ತು ರದ್ದಾದ ಒಂದು ಚಾರಣ

ಮಾನ್ಯ ಸಂಪಾದಕರೇ,

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ಕಳೆದ ತಿಂಗಳು ನಡೆದ ರಕ್ಷಕ–ಶಿಕ್ಷಕ ಸಂಘದ ಸಭೆಗೆ ಹಳೆಯ ಅಧ್ಯಾಪಕನೆಂಬ ನೆಲೆಯಲ್ಲಿ ನನ್ನನ್ನೂ ಕರೆದಿದ್ದರು. ಒಂಬತ್ತನೇ ತರಗತಿಯ ಮಕ್ಕಳನ್ನು ಡಿಸೆಂಬರಿನಲ್ಲಿ ರಾಣಿಪುರಂ ಬೆಟ್ಟಕ್ಕೆ ಕರೆದೊಯ್ಯುವುದು, ಮೊದಲ ರಾತ್ರಿ ತಪ್ಪಲಿನಲ್ಲಿ ತಂಗುವುದು, ಅಡುಗೆಯನ್ನೂ ಸಾಮಾನು ಹೊರುವುದನ್ನೂ ಮಕ್ಕಳೇ ಮಾಡುವುದು ಎಂದು ಇಬ್ಬರು ಯುವ ಅಧ್ಯಾಪಕರು ಬಹಳ ಶ್ರಮಪಟ್ಟು ಒಂದು ಯೋಜನೆ ತಯಾರಿಸಿದ್ದರು. ಮುಕ್ಕಾಲು ಗಂಟೆಯ ಚರ್ಚೆಯ ಬಳಿಕ ಆ ಯೋಜನೆಯನ್ನು ಕೈಬಿಟ್ಟು, ಅದೇ ದಿನಗಳಲ್ಲಿ ದೂರದ ನಗರವೊಂದರ ವಾಟರ್ ಥೀಮ್ ಪಾರ್ಕಿಗೆ ಪ್ರವಾಸ ಹೋಗುವುದೆಂದು ತೀರ್ಮಾನವಾಯಿತು. ಚರ್ಚೆಯ ನಡುವೆ ಒಬ್ಬ ತಂದೆ ನನ್ನ ಕಡೆ ತಿರುಗಿ, "ಮಾಷ್ಟ್ರೇ, ನೀವೇ ಹೇಳಿ, ಎರಡು ದಿನ ಗುಡ್ಡೆ ಹತ್ತಿ ಇಳಿದರೆ ಮಕ್ಕಳಿಗೆ ಸಿಗುವುದಾದರೂ ಏನು?" ಎಂದು ಕೇಳಿದರು. ಅವರು ಕುಹಕದಿಂದ ಕೇಳಿದ್ದಲ್ಲ. ಉತ್ತರ ಬೇಕೆಂದೇ ಕೇಳಿದ್ದು. ಧೈರ್ಯ, ಆತ್ಮವಿಶ್ವಾಸ, ಒಗ್ಗಟ್ಟು ಎಂದು ಭಾಷಣಕ್ಕೆ ಒಗ್ಗುವ ನಾಲ್ಕು ಮಾತು ಆಡಿ ನಾನು ಕುಳಿತುಬಿಟ್ಟೆ. ಅದು ಉತ್ತರವಾಗಿರಲಿಲ್ಲವೆಂದು ಅವರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಆ ದಿನ ಹೇಳಲಾಗದ್ದನ್ನು ತಮ್ಮ ಪತ್ರಿಕೆಯ ಮೂಲಕ ಅವರಿಗೂ, ಅವರಂತೆ ಯೋಚಿಸುವ ಇತರ ಪೋಷಕರಿಗೂ ತಿಳಿಸಬೇಕೆಂದು ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಮನ್ನಿಸಬೇಕು.

ಸುಮಾರು ಹದಿನೈದು ವರ್ಷಗಳ ಹಿಂದೆ, ಪ್ಲಸ್ ಒನ್ ಮತ್ತು ಪ್ಲಸ್ ಟು (ಹನ್ನೊಂದು, ಹನ್ನೆರಡನೇ) ತರಗತಿಗಳ ಹದಿನೆಂಟು ವಿದ್ಯಾರ್ಥಿಗಳನ್ನು ನಾವು ಮೂವರು ಅಧ್ಯಾಪಕರು, ಅವರಲ್ಲಿ ಒಬ್ಬರು ಅಧ್ಯಾಪಿಕೆ, ಕುಮಾರಪರ್ವತಕ್ಕೆ ಕರೆದುಕೊಂಡು ಹೋಗಿದ್ದೆವು. ಮುಳ್ಳೇರಿಯದಿಂದ ಜಾಲ್ಸೂರು, ಸುಳ್ಯ ದಾರಿಯಾಗಿ ಸುಬ್ರಹ್ಮಣ್ಯ ನಮಗೆ ದೂರವೇನಲ್ಲ. ಆದರೆ ಅಲ್ಲಿಂದ ಮೇಲಿನ ದಾರಿ ಸುಲಭದ್ದಲ್ಲ. ಪರ್ವತದ ಎತ್ತರ 1,712 ಮೀಟರ್. ನಡಿಗೆ ಶುರುವಾಗುವ ಸುಬ್ರಹ್ಮಣ್ಯವಾದರೋ ತಗ್ಗಿನ ಊರು. ಆದ್ದರಿಂದ ಆ ಎತ್ತರದ ಬಹುಪಾಲನ್ನು ಕಾಲಿನಲ್ಲೇ ಗಳಿಸಬೇಕು. ಹೋಗಿ ಬರುವಷ್ಟರಲ್ಲಿ ಸುಮಾರು 25 ಕಿಲೋಮೀಟರ್ ಆಗುತ್ತದೆ. ಮೊದಲ ದಿನ ದಟ್ಟ ಕಾಡಿನೊಳಗೆ ಏರಿ ಗಿರಿಗದ್ದೆಯ ಭಟ್ಟರ ಮನೆಯ ಬಳಿ ತಂಗಿ, ಮರುದಿನ ನಸುಕಿನಲ್ಲಿ ಹುಲ್ಲುಗಾವಲು ಹತ್ತಿ, ಕಲ್ಲುಮಂಟಪ ದಾಟಿ, ಶೇಷಪರ್ವತದ ಮೇಲಿಂದ ಶಿಖರ ಸೇರುವುದು ಆಗಿನ ರೂಢಿಯ ಕ್ರಮ. ನಾವು ಮಾಡಿಕೊಂಡಿದ್ದ ವಿಶೇಷ ವ್ಯವಸ್ಥೆ ಒಂದೇ. ಪ್ರತಿ ದಿನ ಒಬ್ಬ ವಿದ್ಯಾರ್ಥಿ ತಂಡದ ಮುಖ್ಯಸ್ಥ. ಎಲ್ಲಿ ನಿಲ್ಲಬೇಕು, ನೀರು ಎಷ್ಟು ಕುಡಿಯಬೇಕು, ಯಾರು ಹಿಂದೆ ಉಳಿಯಬೇಕು ಎಂಬುದೆಲ್ಲ ಆ ವಿದ್ಯಾರ್ಥಿಯ ನಿರ್ಧಾರ. ಜೀವಕ್ಕೆ ಅಪಾಯವಾಗುವಂತಿದ್ದರೆ ಮಾತ್ರ ಅಧ್ಯಾಪಕರು ಬಾಯಿ ಹಾಕುವುದು ಎಂದು ಮೊದಲೇ ಮಾತಾಗಿತ್ತು. ಎಲ್ಲಿಯೇ ಇರಲಿ, ಬೆಳಗ್ಗೆ ಹನ್ನೊಂದು ಗಂಟೆಗೆ ಹಿಂದಿರುಗಲೇಬೇಕು ಎಂಬುದನ್ನೂ ಹಿಂದಿನ ರಾತ್ರಿ ಮಕ್ಕಳೇ ಕುಳಿತು ನಿಶ್ಚಯಿಸಿದ್ದರು.

ಎರಡನೆಯ ದಿನದ ಮುಖ್ಯಸ್ಥೆ ಪ್ಲಸ್ ಒನ್ ಓದುತ್ತಿದ್ದ, ತರಗತಿಯಲ್ಲಿ ಹೆಚ್ಚು ಮಾತನಾಡದ ಒಬ್ಬಳು ಹುಡುಗಿ. ಕಲ್ಲುಮಂಟಪದ ಮೇಲಿನ ಏರಿನಲ್ಲಿ ಒಬ್ಬ ಹುಡುಗನ ಕಾಲು ಉಳುಕಿತು. ಬಟ್ಟೆ ಬಿಗಿದು ಕಟ್ಟಿ, ಅವನ ಚೀಲವನ್ನು ಹಂಚಿಕೊಂಡು ಹೊತ್ತು ಹೇಗೋ ಶೇಷಪರ್ವತ ಮುಟ್ಟುವಾಗ ಹನ್ನೊಂದು ಕಳೆದು ಇಪ್ಪತ್ತು ನಿಮಿಷವಾಗಿತ್ತು. ಮಂಜು ಸರಿದಾಗಲೆಲ್ಲ ಎದುರಿಗೇ ಶಿಖರ ಕಾಣುತ್ತಿತ್ತು; ನಡುವೆ ಇದ್ದದ್ದು ಒಂದು ಇಳಿಜಾರು, ಹುಲ್ಲುಗುಡ್ಡಗಳ ನಡುವಿನ ಒಂದು ತುಂಡು ಶೋಲಾ ಕಾಡು, ನೀರು ಜಿನುಗುವ ಒಂದು ಬಂಡೆ. ಹೆಚ್ಚೆಂದರೆ ಒಂದು ಗಂಟೆಯ ದಾರಿ. ಹುಡುಗರು ಮುಂದೆ ಹೋಗೋಣ ಎಂದರು, ಕಾಲು ಉಳುಕಿದವನೂ ಅದನ್ನೇ ಹೇಳಿದ. ಸತ್ಯ ಹೇಳಬೇಕೆಂದರೆ ನನಗೂ ಶಿಖರದ ಆಸೆಯಿತ್ತು. ನನ್ನ ವಯಸ್ಸಿನವನಿಗೆ ಮತ್ತೆ ಅಲ್ಲಿಗೆ ಬರಲು ಸಾಧ್ಯವೋ ಇಲ್ಲವೋ ಎಂಬ ಲೆಕ್ಕಾಚಾರ ಮನಸ್ಸಿನಲ್ಲಿ ನಡೆದಿತ್ತು. ಆ ಹುಡುಗಿ ಎಲ್ಲರ ನೀರಿನ ಬಾಟ್ಲಿಗಳನ್ನು ತರಿಸಿ ಸಾಲಾಗಿ ಇಡಿಸಿದಳು, ವಾಚು ನೋಡಿದಳು, ಕಾಲು ಉಳುಕಿದವನನ್ನು ಹತ್ತು ಹೆಜ್ಜೆ ನಡೆಸಿ ನೋಡಿದಳು, ಆಮೇಲೆ "ಹಿಂದೆ ತಿರುಗುವ" ಎಂದಳು. ಅಷ್ಟೇ. ಗಲಾಟೆಯಾಯಿತು, ಒಬ್ಬ ಹುಡುಗ ಅತ್ತೇಬಿಟ್ಟ. ಆಕೆ ಮಾತು ಬದಲಿಸಲಿಲ್ಲ.

ಇಳಿಯಲು ನಾವೆಣಿಸಿದ್ದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯಿತು. ಹುಲ್ಲಿನ ಇಳಿಜಾರಿನಲ್ಲಿ ಉಳುಕಿದ ಕಾಲಿನವನನ್ನು ಇಬ್ಬಿಬ್ಬರು ಸರದಿಯ ಮೇಲೆ ಹೆಗಲು ಕೊಟ್ಟು ಇಳಿಸಬೇಕಾಯಿತು. ಭಟ್ಟರ ಮನೆಯ ಬೆಳಕು ಕಣ್ಣಿಗೆ ಬೀಳುವಾಗ ಸೂರ್ಯ ಮುಳುಗಿ ಆಗಿತ್ತು. ಶಿಖರಕ್ಕೆ ಹೋಗಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹಾಗೆಂದು ಎಲ್ಲರೂ ಆಕೆಯನ್ನು ಹೊಗಳಿದರು ಎಂದು ಬರೆದರೆ ಸುಳ್ಳಾದೀತು. ಬಸ್ಸು ಜಾಲ್ಸೂರು ತಲುಪುವ ತನಕವೂ ಕೆಲವರು ಆಕೆಯೊಡನೆ ಮಾತು ಬಿಟ್ಟಿದ್ದರು, ಅವರಲ್ಲಿ ಇಬ್ಬರು ಸಂಸಾರಸ್ಥರಾದ ಮೇಲೂ ನಾನು ಸಿಕ್ಕಿದಾಗ ಆ ನಿರ್ಧಾರ ತಪ್ಪೆಂದೇ ವಾದಿಸುತ್ತಾರೆ. ಆಕೆ ಈಗ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಆ ದಿನದಿಂದಾಗಿಯೇ ಹೀಗಾದಳು ಎಂದು ನಾನು ಹೇಳಲಾರೆ. ಮಕ್ಕಳ ಬದುಕು ಅಷ್ಟು ಸರಳವಾದ ಲೆಕ್ಕವಲ್ಲ. ಆದರೆ ಹದಿನಾರು ವರ್ಷದವಳೊಬ್ಬಳು ಹದಿನೇಳು ಮಂದಿ ಓರಗೆಯವರ ಮತ್ತು ತನ್ನದೇ ಆಸೆಯ ವಿರುದ್ಧ ನಿಂತು, ಕೈಯಲ್ಲಿದ್ದ ನೀರು, ಹೊತ್ತು, ಕಾಲು ಈ ಮೂರನ್ನೇ ನೋಡಿ ತೀರ್ಮಾನಕ್ಕೆ ಬಂದದ್ದನ್ನು ನಾನು ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ತರಗತಿಯ ಒಳಗೆ ಒಮ್ಮೆಯೂ ಕಂಡದ್ದಿಲ್ಲ. ತರಗತಿಯಲ್ಲಿ ಅಂಥ ಸಂದರ್ಭವನ್ನು ನಾವು ಮಕ್ಕಳಿಗೆ ಕೊಡುವುದೇ ಇಲ್ಲವಲ್ಲ. ಅಲ್ಲಿ ತಪ್ಪು ಮಾಡಿದರೆ ಅಂಕ ಹೋಗುತ್ತದೆ, ಬೇರೇನೂ ಹೋಗುವುದಿಲ್ಲ.

ಆ ತಂದೆಯ ಪ್ರಶ್ನೆಗೆ ನನ್ನ ಉತ್ತರ ಇದು. ಕಠಿಣವಾದ ಕಾಡುನಡಿಗೆಯಿಂದ ಮಕ್ಕಳಿಗೆ ಸಿಗುವುದು ಧೈರ್ಯವಲ್ಲ. ಧೈರ್ಯ ಈ ವಯಸ್ಸಿನವರಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಬೈಕು ಓಡಿಸುವ ಹುಡುಗರನ್ನು ನೋಡಿದರೆ ತಿಳಿಯುತ್ತದೆ. ಸಿಗುವುದು ವಿವೇಚನೆ. ಅದರಲ್ಲೂ ಎಲ್ಲಿ ನಿಲ್ಲಬೇಕು, ಯಾವಾಗ ಹಿಂದಿರುಗಬೇಕು ಎಂಬ ವಿವೇಚನೆ.

ನಮ್ಮ ನೆಲಕ್ಕೆ ಇದು ಹೊಸ ಮಾತಲ್ಲ. ಎಣ್ಮಕಜೆ, ಬಾಯಾರು ಕಡೆಗಳಲ್ಲಿ ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡವಾಗಿ ಸುರಂಗ ಕೊರೆದು ನೀರು ತರುವ ಕೆಲಸದವರನ್ನು ನೋಡಿದವರಿಗೆ ಇದು ಗೊತ್ತು. ಒಬ್ಬ ಮನುಷ್ಯ ಪಿಕ್ಕಾಸು ಬೀಸುವಷ್ಟೇ ಅಗಲದ ಆ ಕತ್ತಲೆಯೊಳಗೆ ಅವರು ಮೊಂಬತ್ತಿ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದರು. ಬೆಳಕಿಗೆ ಎಷ್ಟು ಬೇಕೋ ಗಾಳಿಯ ಅಂದಾಜಿಗೂ ಅಷ್ಟೇ ಅದು ಬೇಕು. ಜ್ವಾಲೆ ಕುಂದಿತೆಂದರೆ, ನೀರಿನ ಸೆಲೆ ಇನ್ನೇನು ಒಂದು ಕೋಲಿನಷ್ಟು ದೂರದಲ್ಲಿದೆ ಎಂದು ಅನಿಸಿದರೂ ಹೊರಗೆ ಬರಬೇಕು. ಬಾರದವನನ್ನು ಧೈರ್ಯವಂತನೆಂದು ಊರಿನಲ್ಲಿ ಯಾರೂ ಕರೆಯುತ್ತಿರಲಿಲ್ಲ. ನಮ್ಮ ಪ್ರಾಯದವರು ಚಾರಣವೆಂಬ ಶಬ್ದ ಕೇಳದೆಯೇ ಇಂಥದ್ದನ್ನು ಅಷ್ಟಿಷ್ಟು ಕಲಿತೆವು. ಆಟಿ ತಿಂಗಳ ಮಳೆಯಲ್ಲಿ ಓಲೆಯ ಗೊರಬೆ ಹೊದ್ದು, ತುಂಬಿ ಹರಿಯುವ ತೋಡಿನ ಮೇಲಿನ ಅಡಿಕೆ ಮರದ ಪಾಲ (ಕಾಲುಸಂಕ) ದಾಟುವ ಮೊದಲು ಕಾಲಿನಿಂದ ಒತ್ತಿ ನೋಡುತ್ತಿದ್ದೆವು. ನೀರಿನ ಬಣ್ಣ ಕೆಂಪಾದರೆ ಆ ದಿನ ಶಾಲೆಗೆ ರಜೆ. ಯಕ್ಷಗಾನದ ಆಟ ನೋಡಲು ಗರಿಯ ಸೂಟೆ (ಪಂಜು) ಬೀಸಿಕೊಂಡು ಮೂರು ಮೈಲು ನಡೆದು, ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಮರಳುತ್ತಿದ್ದೆವು. ಈಗ ಮನೆಯಂಗಳಕ್ಕೆ ಶಾಲೆಯ ಬಸ್ಸು ಬರುತ್ತದೆ. ಬರಬೇಕಾದದ್ದೇ, ಆ ಕಷ್ಟಗಳನ್ನು ನೆನೆದು ಹಂಬಲಿಸುವವರ ಸಾಲಿನಲ್ಲಿ ನಾನಿಲ್ಲ, ಪಾಲ ದಾಟುವಾಗ ಕಾಲು ಜಾರಿ ಹೋದ ಮಕ್ಕಳೂ ನಮ್ಮ ಕಾಲದಲ್ಲಿ ಇದ್ದರು. ಆದರೆ ಬದುಕು ತಾನಾಗಿ ಕಲಿಸುತ್ತಿದ್ದದ್ದನ್ನು ಇಂದು ನಾವು ಯೋಜಿಸಿ, ಎಚ್ಚರಿಕೆಯಿಂದ, ಬೇಕೆಂದೇ ಕಲಿಸಬೇಕಾಗಿದೆ.

ಈ ಯೋಚನೆಯನ್ನು ಶಿಕ್ಷಣದ ಒಂದು ಕ್ರಮವಾಗಿ ಮೊದಲು ರೂಪಿಸಿದವರಲ್ಲಿ ಕರ್ಟ್ ಹಾನ್ ಪ್ರಮುಖರು. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಜರ್ಮನಿ ಬಿಡಬೇಕಾಗಿ ಬಂದ ಈ ಶಿಕ್ಷಣತಜ್ಞ, ಹಡಗು ಕಂಪೆನಿಯೊಂದರ ಮುಖ್ಯಸ್ಥರಾಗಿದ್ದ ಲಾರೆನ್ಸ್ ಹೋಲ್ಟ್ ಜೊತೆ ಸೇರಿ 1941ರಲ್ಲಿ ವೇಲ್ಸಿನ ಅಬರ್ಡೋವಿ ಎಂಬ ಕಡಲತಡಿಯ ಊರಿನಲ್ಲಿ ಔಟ್‌ವರ್ಡ್ ಬೌಂಡ್ ಎಂಬ ತರಬೇತಿ ಶಾಲೆಯನ್ನು ತೆರೆದರು. ಅದರ ಹಿಂದಿನ ಕಾರಣ ಸ್ವಾರಸ್ಯಕರ. ಯುದ್ಧಕಾಲದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳು ಟಾರ್ಪೆಡೊಗಳಿಗೆ ತುತ್ತಾದಾಗ, ಸಣ್ಣ ದೋಣಿಗಳಲ್ಲಿ ಉಳಿದವರ ಪೈಕಿ ಮೈಕಟ್ಟಿನಲ್ಲಿ ಗಟ್ಟಿಯಾಗಿದ್ದ ತರುಣ ನಾವಿಕರಿಗಿಂತ ವಯಸ್ಸಾದವರೇ ಹೆಚ್ಚು ಬದುಕಿ ಬರುತ್ತಿದ್ದಾರೆ ಎಂಬುದು ಹೋಲ್ಟ್ ಅವರ ಗಮನಕ್ಕೆ ಬಂದಿತ್ತು. ತೋಳ್ಬಲ ಇದ್ದವರಿಗೆ ಕಾಯುವ, ಹಂಚಿಕೊಳ್ಳುವ, ಕೈಯಲ್ಲಿ ಉಳಿದದ್ದನ್ನು ಅಳೆದು ಬಳಸುವ ಅಭ್ಯಾಸ ಇರಲಿಲ್ಲ. ಕಡಲಿನಲ್ಲಿ ವರ್ಷಾನುಗಟ್ಟಲೆ ಬಂದ ಆ ಅನುಭವವನ್ನು ಕೆಲವೇ ವಾರಗಳಲ್ಲಿ ಹರೆಯದವರಿಗೆ ಒದಗಿಸಲು ಸಾಧ್ಯವೇ ಎಂಬ ಪ್ರಶ್ನೆಯಿಂದ ಆ ಶಾಲೆ ಹುಟ್ಟಿತು.

ಇದೆಲ್ಲ ಕಥೆಗೆ ಚೆಂದ, ನಿಜವಾಗಿ ಪ್ರಯೋಜನ ಆಗಿದೆಯೇ ಎಂದು ಕೇಳುವವರಿಗೆ ಒಂದು ಮಾತು. ಶಿಕ್ಷಣ ಸಂಶೋಧಕ ಜಾನ್ ಹ್ಯಾಟಿ ಮತ್ತು ಸಂಗಡಿಗರು ಇಂಥ ಸಾಹಸ ಶಿಕ್ಷಣದ ಬಗ್ಗೆ ನಡೆದ 96 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದರು. ಶಾಲೆಗಳಲ್ಲಿ ನಡೆಸುವ ಬಹುತೇಕ ವಿಶೇಷ ಕಾರ್ಯಕ್ರಮಗಳ ಪರಿಣಾಮ ಕಾಲ ಕಳೆದಂತೆ ಇಳಿಯುತ್ತದೆ. ಇಲ್ಲಿ ಹಾಗಾಗದೆ, ತನ್ನ ಮೇಲಿನ ಹಿಡಿತ, ಸ್ವಂತ ನಿರ್ಧಾರದ ಶಕ್ತಿ ಮುಂತಾದವು ಶಿಬಿರ ಮುಗಿದ ಮೇಲೂ ಬೆಳೆಯುತ್ತಾ ಹೋದದ್ದು ಅವರಿಗೆ ಕಂಡಿತು. ಆದರೆ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ಫಲದಲ್ಲಿ ಬಹಳ ಅಂತರವಿತ್ತೆಂಬುದನ್ನೂ, ಹೆಚ್ಚು ದಿನಗಳ ಕಾರ್ಯಕ್ರಮಗಳೇ ಹೆಚ್ಚು ಫಲ ಕೊಟ್ಟವೆಂಬುದನ್ನೂ ಅವರು ಮರೆಮಾಚಲಿಲ್ಲ. ಎಂದರೆ ಕಾಡಿಗೆ ಕರೆದೊಯ್ದರೆ ಸಾಕು, ಮಕ್ಕಳು ತಾವಾಗಿ ಬದಲಾಗುತ್ತಾರೆ ಎಂಬುದು ಮೂಢನಂಬಿಕೆ. ಅಧ್ಯಾಪಕನೇ ಮುಂದೆ ನಡೆದು, ಅಡುಗೆಯವನು ಅಡುಗೆ ಮಾಡಿ, ಮಕ್ಕಳು ಸೆಲ್ಫಿ ತೆಗೆದು ಮರಳುವ ಚಾರಣಕ್ಕಿಂತ ಥೀಮ್ ಪಾರ್ಕೇ ವಾಸಿ. ಅಲ್ಲಿ ಕನಿಷ್ಠ ಕಾಡು ಹಾಳಾಗುವುದಿಲ್ಲ.

ನಿರ್ಧಾರ ಮಕ್ಕಳದ್ದಾಗಿರಬೇಕು, ಅದರ ಫಲವೂ ಅವರ ಮೈಮೇಲೆಯೇ ಬರಬೇಕು ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಒಮ್ಮೆ ಎಂಟನೇ ತರಗತಿಯವರನ್ನು ಪಯಸ್ವಿನಿಯ ದಂಡೆಯಲ್ಲಿ ಎರಡು ದಿನ ನಡೆಸಿ, ರಾತ್ರಿ ಅಡೂರಿನಲ್ಲಿ ಉಳಿದಿದ್ದೆವು. ಸಾಮಾನಿನ ಪಟ್ಟಿ ಮಕ್ಕಳದ್ದೇ. ಊಟವೆಂದರೆ ಕುಚ್ಚಲಕ್ಕಿ ಅನ್ನವೇ ಎಂದು ಬೆಳೆದ ಮಕ್ಕಳು ಅದನ್ನೇ ಕಟ್ಟಿಕೊಂಡು ಬಂದಿದ್ದರು. ಸಂಜೆ ಏಳಕ್ಕೆ ಒಲೆ ಹಚ್ಚಿದರು; ಅಕ್ಕಿ ಬೇಯಲಿಲ್ಲ, ಸೀಮೆಎಣ್ಣೆ ಮುಗಿಯುತ್ತಾ ಬಂತು, ನಿದ್ದೆ ತೂಗುತ್ತಿದ್ದವರು ಹತ್ತು ಗಂಟೆಗೆ ಅರೆಬೆಂದ ಗಂಜಿಯನ್ನು ಮಾವಿನಮಿಡಿ ಉಪ್ಪಿನಕಾಯಿ ನಂಚಿಕೊಂಡು ಉಂಡರು. ನನ್ನ ಚೀಲದಲ್ಲಿ ಅವಲಕ್ಕಿ ಇತ್ತು, ಹೊರಗೆ ತೆಗೆಯಲಿಲ್ಲ. ಕಠೋರನೆಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ. ಮರುವರ್ಷ ಅದೇ ಮಕ್ಕಳ ಪಟ್ಟಿಯಲ್ಲಿ ಬೆಳ್ತಿಗೆ ಅಕ್ಕಿ ಇತ್ತು, ಅದನ್ನು ಬೇಯಿಸುವ ಮುನ್ನ ಅರ್ಧ ಗಂಟೆ ನೆನೆಸಿಡಬೇಕೆಂಬ ಟಿಪ್ಪಣಿಯೂ ಇತ್ತು. ಮನೆಯಲ್ಲಿ ಲೋಟ ಎತ್ತಿಡದ ಹುಡುಗರು ಪಾತ್ರೆ ತಿಕ್ಕುವ ಸರದಿಗಾಗಿ ಜಗಳಾಡಿದ್ದನ್ನೂ ಕಂಡೆ. ಮನೆಗೆ ಹೋದ ಮೇಲೆ ಅವರು ಲೋಟ ಎತ್ತಿಟ್ಟರೋ ಇಲ್ಲವೋ, ಅವರ ತಾಯಂದಿರನ್ನೇ ಕೇಳಬೇಕು.

ಹುಡುಗಿಯರ ಮಾತಿಗೆ ಬರುತ್ತೇನೆ, ಏಕೆಂದರೆ ಆ ಸಭೆಯಲ್ಲಿ ಯೋಜನೆ ಬಿದ್ದುಹೋದದ್ದು ಮುಖ್ಯವಾಗಿ ಇದೇ ವಿಷಯದಲ್ಲಿ. ಹುಡುಗರು ಮಾತ್ರ ಹೋಗಲಿ ಎಂದು ಒಬ್ಬರು ಸೂಚಿಸಿದರು. ಅದನ್ನು ಒಪ್ಪದ ಅಧ್ಯಾಪಿಕೆಯೊಬ್ಬರು ಹಾಗಾದರೆ ಯಾರೂ ಬೇಡ ಎಂದರು, ಅವರ ನಿಲುವನ್ನು ನಾನು ಗೌರವಿಸುತ್ತೇನೆ. 1984ರ ಮೇ 23ರಂದು ಬಚೇಂದ್ರಿ ಪಾಲ್ ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆಯಾದರು; ಅದರ ಮರುದಿನ ಮೇ 24ರಂದು ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿತು. ಜಿಲ್ಲೆಗಿಂತ ಒಂದು ದಿನ ಹಿರಿದಾದ ಈ ಸಾಧನೆ ನಮ್ಮ ಸಭೆಗಳನ್ನು ಇನ್ನೂ ತಲುಪಿಲ್ಲ. 2014ರ ಮೇ 25ರಂದು ಎವರೆಸ್ಟ್ ಏರಿದ ಮಾಲಾವತ್ ಪೂರ್ಣ ಆಗ 13 ವರ್ಷ 11 ತಿಂಗಳಿನ ಹುಡುಗಿ, ತೆಲಂಗಾಣ ಭಾಗದ ಸರಕಾರಿ ಸಮಾಜ ಕಲ್ಯಾಣ ವಸತಿಶಾಲೆಯ ವಿದ್ಯಾರ್ಥಿನಿ, ಬಡ ಆದಿವಾಸಿ ಕುಟುಂಬದವಳು. ಭೋನಗಿರಿಯ ಬಂಡೆಯ ಮೇಲೆ ಶುರುವಾದ ಆಕೆಯ ತರಬೇತಿ ಡಾರ್ಜಿಲಿಂಗ್, ಲಡಾಖ್‌ಗಳಲ್ಲಿ ಮುಂದುವರಿಯಿತು. ನಮ್ಮ ಮಕ್ಕಳು ಎವರೆಸ್ಟ್ ಏರಬೇಕೆಂದು ಇದನ್ನು ಹೇಳುತ್ತಿಲ್ಲ, ಹದಿಮೂರರ ಮಕ್ಕಳನ್ನು ಆ ಎತ್ತರಕ್ಕೆ ಕಳುಹಿಸುವುದು ಸರಿಯೇ ಎಂಬ ಅನುಮಾನ ನನಗೆ ಇಂದಿಗೂ ಇದೆ. ಸರಕಾರಿ ಶಾಲೆಯೊಂದು ಹುಡುಗಿಯರಿಗಾಗಿ ಇಷ್ಟು ತಾಳ್ಮೆಯಿಂದ ಹಂತಹಂತದ ತರಬೇತಿ ಕೊಡಲು ಸಾಧ್ಯವಿದೆ ಎಂಬುದಷ್ಟೇ ನನ್ನ ಮಾತು. ನಮ್ಮ ರಾಜ್ಯದಲ್ಲೇ ಅಗಸ್ತ್ಯಕೂಡಂ ಶಿಖರಕ್ಕೆ ಮಹಿಳೆಯರನ್ನು ಬಿಡುತ್ತಿರಲಿಲ್ಲ. 2018ರ ಕೊನೆಯಲ್ಲಿ ಹೈಕೋರ್ಟು ಆ ಭೇದ ಸಲ್ಲದೆಂದಿತು, 2019ರ ಜನವರಿಯಲ್ಲಿ ಮಹಿಳೆಯರು ಹತ್ತಿದರು.

ಶೌಚ, ಮುಟ್ಟಿನ ದಿನಗಳು, ಮಲಗುವ ವ್ಯವಸ್ಥೆ ಇವೆಲ್ಲ ನಿಜವಾದ ಪ್ರಶ್ನೆಗಳು, ಇವುಗಳನ್ನು ನಾಚಿಕೆಯಿಂದ ಮುಚ್ಚಿಡುವುದರಿಂದಲೇ ತಾಯಂದಿರ ಭಯ ಹೆಚ್ಚುತ್ತದೆ. ಕುಮಾರಪರ್ವತಕ್ಕೆ ಹೊರಡುವ ಮೊದಲು ನಮ್ಮ ಜೊತೆಗಿದ್ದ ಅಧ್ಯಾಪಿಕೆ ತಾಯಂದಿರನ್ನು ಮಾತ್ರ ಕರೆದು ಒಂದು ಗಂಟೆ ಕುಳಿತು ಎಲ್ಲವನ್ನೂ ವಿವರಿಸಿದ್ದರು. ಆ ಒಂದು ಗಂಟೆಯ ನಂತರ ಒಬ್ಬ ತಾಯಿಯೂ ಹೆಸರು ಹಿಂತೆಗೆಯಲಿಲ್ಲ.

ಇನ್ನು ಅಪಾಯದ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳುವವರ ಕೈಯಲ್ಲಿ ಮಕ್ಕಳನ್ನು ಕೊಡಬಾರದು ಎಂಬುದರಲ್ಲಿ ನಾನು ಪೋಷಕರ ಪಕ್ಷದವನೇ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಬೇಸಗೆಯ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಜೀವ ಕಳೆದುಕೊಂಡರು. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಲುಕಿ ಕರ್ನಾಟಕದ ಒಂಬತ್ತು ಮಂದಿ ತೀರಿಕೊಂಡರು. 2022ರ ಫೆಬ್ರವರಿಯಲ್ಲಿ ಪಾಲಕ್ಕಾಡಿನ ಮಲಂಪುಳ ಬಳಿ ಬೆಟ್ಟದ ಬಿರುಕಿನಲ್ಲಿ ಸುಮಾರು ಎರಡು ದಿನ ಅನ್ನ ನೀರಿಲ್ಲದೆ ಸಿಲುಕಿದ ತರುಣನನ್ನು ಸೇನೆಯವರು ಬಂದು ಮೇಲೆತ್ತಿದ್ದನ್ನು ನಾವೆಲ್ಲ ಟಿವಿಯಲ್ಲಿ ಉಸಿರು ಬಿಗಿಹಿಡಿದು ನೋಡಿದ್ದೇವೆ. ನಮ್ಮ ಜಿಲ್ಲೆಯಲ್ಲೇ ದೇಲಂಪಾಡಿ, ಕಾರಡ್ಕ, ಮುಳಿಯಾರು ಭಾಗಗಳಲ್ಲಿ ಆನೆಗಳ ಉಪಟಳ ಎಷ್ಟೆಂಬುದು ಅಲ್ಲಿನ ಕೃಷಿಕರಿಗೆ ಗೊತ್ತು. ಆದರೆ ಅದೇ 2022ರ ಅಕ್ಟೋಬರ್ 5ರ ರಾತ್ರಿ, ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿ ಬಳಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸು ಸಾರಿಗೆ ಬಸ್ಸಿಗೆ ಡಿಕ್ಕಿ ಹೊಡೆದು, ಐವರು ಮಕ್ಕಳೂ ಸೇರಿ ಒಂಬತ್ತು ಜನ ಸತ್ತದ್ದನ್ನು ಸಭೆಯಲ್ಲಿ ಯಾರೂ ನೆನೆಯಲಿಲ್ಲ. ನೂರಾರು ಕಿಲೋಮೀಟರ್ ರಾತ್ರಿ ಬಸ್ಸಿನಲ್ಲಿ ಥೀಮ್ ಪಾರ್ಕಿಗೆ ಹೋಗುವುದನ್ನು ಸುರಕ್ಷಿತವೆಂದೂ, ಜಿಲ್ಲೆಯೊಳಗಿನ ಬೆಟ್ಟಕ್ಕೆ ಹಗಲಿನಲ್ಲಿ ಹೋಗುವುದನ್ನು ಅಪಾಯವೆಂದೂ ಎಣಿಸುವುದು ಅಭ್ಯಾಸದ ಬಲವೇ ಹೊರತು ವಿಚಾರದ ಬಲವಲ್ಲ.

1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ದೋಣಿಗಳಲ್ಲಿ ಹೋದ ಶಾಲಾ ತಂಡದ ನಾಲ್ವರು ಮಕ್ಕಳು ಮುಳುಗಿ ಸತ್ತರು. ಅಲ್ಲಿನ ಸರಕಾರ ಮಕ್ಕಳನ್ನು ಕಡಲಿಗೆ, ಬೆಟ್ಟಕ್ಕೆ ಕಳುಹಿಸುವುದನ್ನು ನಿಷೇಧಿಸಲಿಲ್ಲ. 1995ರಲ್ಲಿ ಕಾನೂನು ತಂದು ಸಾಹಸ ಕೇಂದ್ರಗಳಿಗೆ ಪರವಾನಗಿ, ತಪಾಸಣೆಗಳನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಒಂದು ದುರ್ಘಟನೆಯಾದರೆ ಎಲ್ಲವನ್ನೂ ನಿಲ್ಲಿಸುತ್ತೇವೆ, ಮರೆತ ಮೇಲೆ ಎಲ್ಲವನ್ನೂ ಬಿಟ್ಟುಬಿಡುತ್ತೇವೆ. ಕುಮಾರಪರ್ವತದ್ದೇ ನೋಡಿ, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಮಂದಿ ಒಟ್ಟಿಗೆ ಮುಗಿಬಿದ್ದು ಜಾತ್ರೆಯಂತಾದ ಮೇಲೆಯೇ ಚಾರಣವನ್ನು ತಾತ್ಕಾಲಿಕವಾಗಿ ತಡೆದು, ಜನರ ಸಂಖ್ಯೆಗೆ ಮಿತಿ ಹಾಕುವ ವ್ಯವಸ್ಥೆ ಬಂದದ್ದು.

ಹಾಗಾದರೆ ಇಲ್ಲಿ ಏನು ಮಾಡಬಹುದು? ಎಂಟನೇ ತರಗತಿಯವರಿಗೆ ಪೊಸಡಿಗುಂಪೆ ಗುಡ್ಡೆಯ ಒಂದು ದಿನದ ನಡಿಗೆ ಸಾಕು. ಒಂಬತ್ತನೆಯವರಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ರಾಣಿಪುರಂ. ಮಳೆಗಾಲ ಕಳೆದು ಇಂಬಳ (ಜಿಗಣೆ) ಕಡಿಮೆಯಾದ ಮೇಲೆ, ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುವ ಮೊದಲು, ಎಂದರೆ ನವೆಂಬರಿನಿಂದ ಜನವರಿಯೊಳಗೆ. ಪ್ಲಸ್ ಒನ್ ಮಕ್ಕಳು ಅಡೂರಿನಿಂದ ಚಂದ್ರಗಿರಿ ಕೋಟೆಯ ತನಕ ನದಿಯ ಜೊತೆ ಮೂರು ದಿನ ನಡೆಯಬಹುದು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಪಯಸ್ವಿನಿ ಚಂದ್ರಗಿರಿಯಾಗಿ ಕಡಲು ಸೇರುವುದನ್ನು ಕಾಲಿನಿಂದಲೇ ತಿಳಿದವರು ಭೂಗೋಳದ ಪಾಠವನ್ನು ಬಾಯಿಪಾಠ ಮಾಡಬೇಕಾಗಿಲ್ಲ. (ಇದೇ ನದಿಯನ್ನು ಗಡಿಯಾಗಿಟ್ಟು ನಮ್ಮ ನೆಲ ಕರ್ನಾಟಕಕ್ಕೆ ಸೇರಬೇಕೆಂದು ನಮ್ಮ ಹಿರಿಯರು ದಶಕಗಳ ಕಾಲ ಹೋರಾಡಿದರು, ಅದರ ದಂಡೆಯಲ್ಲಿ ಒಂದು ದಿನ ಪೂರ್ತಿ ನಡೆದವರು ನಮ್ಮಲ್ಲಿ ಎಷ್ಟು ಮಂದಿ?) ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಒಬ್ಬರಾದರೂ ಅಧ್ಯಾಪಿಕೆ, ಪ್ರಥಮ ಚಿಕಿತ್ಸೆ ಕಲಿತವರೊಬ್ಬರು, ದಾರಿ ಬಲ್ಲ ಸ್ಥಳೀಯರೊಬ್ಬರು, ಹಾವಿನ ವಿಷಕ್ಕೆ ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದೆಂಬ ಮಾಹಿತಿ ಇಷ್ಟಿಲ್ಲದೆ ಹೊರಡಬಾರದು. ಖರ್ಚು ಥೀಮ್ ಪಾರ್ಕಿನ ಟಿಕೆಟ್ಟಿನಷ್ಟೂ ಆಗದು.

ಕನ್ನಡ ಮಕ್ಕಳದ್ದೇ ಆದ ಒಂದು ತೊಂದರೆಯನ್ನೂ ಇಲ್ಲಿ ಹೇಳಬೇಕು. ಕೇರಳದಲ್ಲಿ ಪ್ರಕೃತಿ ಶಿಬಿರಗಳಿಗೆ ಒಳ್ಳೆಯ ಪರಂಪರೆ ಇದೆ. ನಮ್ಮ ಜಿಲ್ಲೆಯ ಅಂಚಿನಲ್ಲೇ ಇರುವ ಪಯ್ಯನ್ನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಜಾನ್ ಸಿ. ಜೇಕಬ್ ಎಪ್ಪತ್ತರ ದಶಕದಲ್ಲೇ ವಿದ್ಯಾರ್ಥಿಗಳನ್ನು ಕಾಡು ಕಡಲಿಗೆ ಕರೆದೊಯ್ದು ಇದಕ್ಕೆ ಅಡಿಪಾಯ ಹಾಕಿದರು. ಅರಣ್ಯ ಇಲಾಖೆಯೂ ವನ್ಯಧಾಮಗಳಲ್ಲಿ ವಿದ್ಯಾರ್ಥಿಗಳಿಗೆ ಶಿಬಿರ ನಡೆಸುತ್ತದೆ. ಆದರೆ ಹಲವು ವರ್ಷಗಳ ಹಿಂದೆ ಅಂಥದೊಂದು ಶಿಬಿರಕ್ಕೆ ನಮ್ಮ ಮಕ್ಕಳನ್ನು ಕರೆದೊಯ್ದಾಗ, ಆನೆ ಎದುರಾದರೆ ಏನು ಮಾಡಬೇಕೆಂಬ ಸೂಚನೆಯೂ ಸೇರಿ ಎಲ್ಲವೂ ವೇಗದ ಮಲಯಾಳದಲ್ಲಿ ನಡೆಯಿತು. ಮನೆಯಲ್ಲಿ ತುಳುವನ್ನೋ, ಹವ್ಯಕರ ಮಾತನ್ನೋ, ಮರಾಠಿಯನ್ನೋ ಆಡುವ ನಮ್ಮ ಮಕ್ಕಳು ಪೇಟೆಯ ಮಲಯಾಳವನ್ನು ಚೆನ್ನಾಗಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ಭಯವಾದ ಹೊತ್ತಿಗೆ ನೆನಪಿಗೆ ಬರಬೇಕಾದ ಮಾತು ತಿಳಿದ ಭಾಷೆಯಲ್ಲಿರಬೇಕು. ಆ ರಾತ್ರಿ ನಮ್ಮ ಹುಡುಗನೊಬ್ಬ ಟಾರ್ಚಿನ ಬೆಳಕಿನಲ್ಲಿ ಕುಳಿತು ಎಲ್ಲ ಸೂಚನೆಗಳನ್ನೂ ಕನ್ನಡದಲ್ಲಿ ಬರೆದು ಹಂಚಿದ. ಹುಡುಗನ ಮಟ್ಟಿಗೆ ಅದು ಒಳ್ಳೆಯ ಪಾಠವೇ ಆಯಿತು, ಆದರೆ ಅದು ಅವನ ಕೆಲಸವಾಗಿರಲಿಲ್ಲ. ಕನ್ನಡ, ತುಳು ಬಲ್ಲ ತರಬೇತುದಾರರನ್ನು ನೇಮಿಸುವುದು, ಸೂಚನೆಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಸರಕಾರಿ ಹೈಸ್ಕೂಲುಗಳ ಹೊಣೆ ಹೊತ್ತ ಜಿಲ್ಲಾ ಪಂಚಾಯತು ತನ್ನ ವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಒಂದಿಷ್ಟು ಮೊತ್ತ ಇಡಬೇಕೆಂದು ಈ ಮೂಲಕ ವಿನಂತಿಸುತ್ತೇನೆ. ನಿವೃತ್ತ ಸೈನಿಕರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ; ನಕಾಶೆ, ದಿಕ್ಸೂಚಿ ಓದಲು ಕಲಿಸುವವರಿಗಾಗಿ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಆ ಶಾಲೆಯ ರಕ್ಷಕ–ಶಿಕ್ಷಕ ಸಂಘ ಮುಂದಿನ ತಿಂಗಳು ಮತ್ತೆ ಸೇರಲಿದೆ. ಥೀಮ್ ಪಾರ್ಕಿನ ಪ್ರವಾಸ ಹೋಗುವುದಾದರೆ ಹೋಗಲಿ, ಮಕ್ಕಳು ನೀರಾಟ ಆಡಿ ಬರಲಿ, ನನ್ನ ತಕರಾರಿಲ್ಲ. ಜನವರಿಯ ಒಂದು ಶನಿವಾರ ಭಾನುವಾರವನ್ನು ರಾಣಿಪುರಂಗೆ ಬಿಟ್ಟುಕೊಡಿ ಎಂದು ಕೇಳಲು ನಾನು ಆ ಇಬ್ಬರು ಅಧ್ಯಾಪಕರ ಜೊತೆ ಬರುತ್ತೇನೆ. ಶೇಷಪರ್ವತದಿಂದ ನಮ್ಮನ್ನೆಲ್ಲ ಹಿಂದಿರುಗಿಸಿದ ಆ ಹುಡುಗಿಗೂ ಫೋನ್ ಮಾಡಿದ್ದೇನೆ. ರಜೆ ಸಿಕ್ಕಿದರೆ ತಾಯಂದಿರ ಸಭೆಗೆ ಬಂದು ಮಾತನಾಡುತ್ತೇನೆ ಎಂದಿದ್ದಾಳೆ. ಅಂದು ಪ್ರಶ್ನೆ ಕೇಳಿದ ತಂದೆ ದಯವಿಟ್ಟು ಆ ಸಭೆಗೆ ಬರಬೇಕು, ಸಾಧ್ಯವಾದರೆ ಬೆಟ್ಟಕ್ಕೂ ನಮ್ಮ ಜೊತೆ ಬರಬೇಕು. ಅವರಿಗೂ ಚೀಲ ಹೊರುವ ಸರದಿ ಇರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕ, ಬದಿಯಡ್ಕ